ದುರುಗವ್ವನ ನೀರಿನ ಬಾಟಲಿ

ಹರಿಹರದಲ್ಲಿ ಬಸ್ ಇಳಿದು ನಮ್ಮ ದೊಡ್ಡಪ್ಪನ ಮನೆಗೆ ಹೋಗುವ ಓಣಿಯಲ್ಲಿ ಒಂದು ಹಳೇ ಬಾವಿ ಇತ್ತು. ಈಗ ಮೇಲೆ ಚಪ್ಪಡಿ ಎಳೆದು ಸ್ಕೂಟರ್ ನಿಲ್ಲಿಸುತ್ತಾರೆ. ನಾನು ಹೇಳುವುದು ತೊಂಬತ್ತೊಂಬತ್ತನೇ ಇಸವಿಯ ಮಾತು. ಆಗಲೇ ಮನೆಮನೆಗೆ ನಲ್ಲಿ ಬಂದು, ಆ ಬಾವಿಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಗ್ಗ ಇರಲಿಲ್ಲ. ರಾಟೆಯನ್ನು ಯಾರೋ ಕಿತ್ತು ಗುಜರಿಗೆ ಹಾಕಿದ್ದರು. ಎರಡು ಕಲ್ಲುಕಂಬ ಮಾತ್ರ ನಿಂತಿದ್ದವು. ರಾಟೆ ಇರಲಿಲ್ಲ... ಅದನ್ನು ನೆನಪಿಟ್ಟುಕೊಳ್ಳಿ.

ನಮ್ಮ ದೊಡ್ಡಪ್ಪನ ಮಗ ಬಕ್ಕೇಶ ಆ ರಾತ್ರಿ ದಾವಣಗೆರೆಯಿಂದ ಕೊನೇ ಬಸ್ಸಿಗೆ ಬಂದು ಒಬ್ಬನೇ ನಡೆದು ಹೋಗುತ್ತಿದ್ದ. ಕರೆಂಟ್ ಹೋಗಿತ್ತು. ಯಾವಾಗಲೂ ಕಾಲಿಗೆ ಅಡ್ಡ ಬರುವ ನಾಯಿಗಳು ಅವತ್ತು ಎಲ್ಲೂ ಕಾಣಲಿಲ್ಲ. ಬಾವಿಯ ಹತ್ತಿರ ಬಂದ...

ಕಿರ್ರ್... ಕಿರ್ರ್...

ಎಣ್ಣೆ ಕಾಣದ ರಾಟೆ ತಿರುಗುವ ಸದ್ದು. ಆಮೇಲೆ ಕೆಳಗೆ, ಬಹಳ ಕೆಳಗೆ, ಕೊಡ ನೀರಿಗೆ ಬಿದ್ದ ಹಾಗೆ... ದುಬುಕ್. ಆಮೇಲೆ ಕಿವಿಯ ಪಕ್ಕದಲ್ಲೇ ಬಿರಡೆ ಕಿತ್ತ ಸದ್ದು. ಟಪ್.

ಬಕ್ಕೇಶ ನಿಂತುಬಿಟ್ಟ.

"ಯಾರದು?"

ಆಮೇಲೆ ಒಂದು ಗಂಡು ದನಿ. ಪಿಸುಮಾತು.

"ನೀರೈತೇನ್ರಿ?"

ಬೆದರಿಸುವ ದನಿಯಲ್ಲ. ಬಿಸಿಲಲ್ಲಿ ನಡೆದು ಬಂದವರು ಕಟ್ಟೆಯ ಕೆಳಗೆ ನಿಂತು ಕೇಳುತ್ತಾರಲ್ಲ, ಅಷ್ಟು ಮರ್ಯಾದೆಯ ದನಿ.

"ಯಾ... ಯಾರ್ರಿ?"

"ಬಾಟ್ಲಿ ಖಾಲಿ ಐತ್ರಿ."

ಬಕ್ಕೇಶ ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮನೆ ಬಾಗಿಲು ಬಡಿದು, ಒಳಗೆ ಬಂದು, ಹೆಂಡತಿ ನಯನಾ ಕೊಟ್ಟ ನೀರಿನ ಲೋಟ ಮುಟ್ಟದೆ ದೂರ ತಳ್ಳಿದನಂತೆ. ಅವಳೇ ನನಗೆ ಹೇಳಿದ್ದು.

ಇಷ್ಟು ಜನ ಓಡಾಡುವ ಓಣಿಯಲ್ಲಿ ಇವನನ್ನೇ ಯಾಕೆ ಹಿಡಿಯಿತು ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಅವನು ನನ್ನ ತಮ್ಮ, ಬೆನ್ನ ಮೇಲೆ ಹೊತ್ತು ಆಡಿಸಿದವಳು ನಾನು. ಆದರೂ ಮುಚ್ಚಿಡುವುದಿಲ್ಲ.

ಅವನಿಗೆ ಹಳೇ ಮಿಲಿಟರಿ ಸಾಮಾನಿನ ಹುಚ್ಚು. ಬೇರೆ ಗಂಡಸರು ಇಸ್ಪೀಟು ಆಡಿ ಮನೆ ಕೆಡಿಸಿದರೆ ಇವನು ತುಕ್ಕು ಹಿಡಿದ ಹೆಲ್ಮೆಟ್ಟು, ಪಟ್ಟಿ ಹರಿದ ಚೀಲ, ಯಾವನದೋ ಎದೆಯ ಮೇಲಿದ್ದ ಪದಕ ತಂದು ಗಾಜಿನ ಬೀರು ತುಂಬಿಸುತ್ತಿದ್ದ. ಬೀರುವಿಗೆ ಬೀಗ ಬೇರೆ. ಒಂದು ದಿನವೂ ಬಂದೂಕಿನ ಹತ್ತಿರ ಹೋದವನಲ್ಲ. ಬಟ್ಟೆ ಅಂಗಡಿಯ ಗಲ್ಲಾದ ಮೇಲೆ ಕೂತು ಸೀರೆ ಮಡಿಚುವವನಿಗೆ ಯುದ್ಧದ ಸಾಮಾನು!

ಆಗ ದಾವಣಗೆರೆಯಲ್ಲಿ ಸೈಬರ್ ಅಂಗಡಿ ಹೊಸದು. ಕಂಪ್ಯೂಟರ್ ಫೋನಿಗೆ ಸೇರುವಾಗ ಕೀಂ... ಕರ್ರ್... ಅಂತ ಕಿರುಚಿಕೊಳ್ಳುತ್ತಿತ್ತು. ಅದರೊಳಗೆ ಪರದೇಶದ ಹರಾಜು ನಡೆಯುತ್ತೆ, ಎಂಥ ಯುದ್ಧದ ಸಾಮಾನು ಬೇಕಾದರೂ ಸಿಗುತ್ತೆ ಅಂತ ಯಾರೋ ಇವನ ತಲೆಗೆ ತುಂಬಿದರು. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ. ಅದಕ್ಕೇ ಅಂಗಡಿ ಮುಚ್ಚಿ ದಾವಣಗೆರೆಗೆ ಹೋಗಿ ಕೊನೇ ಬಸ್ಸಿಗೆ ಬರುವ ಚಾಳಿ ಶುರುವಾಯಿತು.

ಮೊದಲ ಸಲ ಮೋಸ ಹೋದ. ಮಹಾಯುದ್ಧದ ದಿಕ್ಸೂಚಿ ಅಂತ ತರಿಸಿಕೊಂಡ. ಬಂದದ್ದು ಹೊಸ ತಗಡಿನ ಡಬ್ಬಿ. ಅದರ ಮುಳ್ಳನ್ನು ಗೋಂದು ಹಚ್ಚಿ ಅಂಟಿಸಿದ್ದರು. ಯಾವ ಕಡೆ ತಿರುಗಿಸಿದರೂ ಅದೇ ಉತ್ತರ! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನಗಲಿಲ್ಲ.

ಅಲ್ಲಿಂದ ಅವನ ಬಾಯಲ್ಲಿ ಒಂದೇ ಮಾತು, ನಂಬಿಕೆ. ಯಾವ ಹರಾಜು ನಂಬಬಹುದು, ಯಾವ ಮಾರಾಟಗಾರನನ್ನು ನಂಬಬಾರದು. ಸೈಬರ್ ಅಂಗಡಿಯ ತಿಪ್ಪೇಶ್ ಅವನಿಗೆ ಗುರು.

"ಸಾಮಾನು ನೋಡಬ್ಯಾಡ್ರಿ ಸಾರ್, ಮಾರೋನ್ನ ನೋಡ್ರಿ. ಅವನ ಹೆಸರಿನ ಮುಂದೆ ಮೊದಲು ತಗಂಡೋರು ಏನು ಬರ್ದಾರೆ ಅನ್ನೋದು ಇರ್ತೈತೆ. ಅದನ್ನ ಓದ್ರಿ."

ಹಾಗೆ ಓದುತ್ತಾ ಒಬ್ಬ ಇಂಗ್ಲೆಂಡಿನ ಮುದುಕ ಸಿಕ್ಕ. ಅವನ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಅವನ ಹತ್ತಿರ ಅಸಲಿ ದಿಕ್ಸೂಚಿ ಇತ್ತು. ಆದರೆ ಅವನೂ ಹುಷಾರು. ಹೆಸರಿನ ಮುಂದೆ ಯಾರ ಒಳ್ಳೆ ಮಾತೂ ಇಲ್ಲದವರಿಗೆ ಕೊಡುವುದಿಲ್ಲ ಅಂದುಬಿಟ್ಟ.

"ನೀವೇ ಒಂದು ಅಸಲಿ ಸಾಮಾನು ಮಾರ್ರಿ ಸಾರ್," ಅಂದ ತಿಪ್ಪೇಶ್. "ತಗಂಡೋರು ಒಳ್ಳೇದು ಬರೀತಾರೆ. ಆಮೇಲೆ ಎಲ್ಲರೂ ನಂಬ್ತಾರೆ."

ಬೀರುವಿನಲ್ಲಿದ್ದದ್ದನ್ನು ಮಾರಬಹುದಿತ್ತು. ಕೈ ಬರಲಿಲ್ಲ. ಅವನಿಗೆ ಭಾನುವಳ್ಳಿಯ ದುರುಗವ್ವ ನೆನಪಾದಳು.

ದುರುಗವ್ವ ನಮ್ಮ ದೊಡ್ಡಪ್ಪನ ಗದ್ದೆಯಲ್ಲಿ ನಾಟಿ ಮಾಡಿ ಸೊಂಟ ಬಗ್ಗಿಸಿಕೊಂಡವಳು. ಅವಳ ಗಂಡ ಗೋಣೆಪ್ಪ ಮದುವೆಯಾದ ಹೊಸದರಲ್ಲೇ ಬ್ರಿಟಿಷರ ಪಲ್ಟನ್ನಿಗೆ ಸೇರಿ, ಎಲ್ಲೋ ಮರಳುಗಾಡಿನಲ್ಲಿ ಸತ್ತ. ಹೆಣ ಬರಲಿಲ್ಲ. ಅವನ ಜೊತೆಗಾರನೊಬ್ಬ ಹುಡುಕಿಕೊಂಡು ಬಂದು ನೀರಿನ ಬಾಟಲಿ ಕೊಟ್ಟು ಹೋದ. ನೀಲಿ ಬಣ್ಣದ ತಗಡಿನ ಬಾಟಲಿ, ಮೇಲೆ ಕಂಬಳಿಯಂಥ ಖಾಕಿ ಹೊದಿಕೆ, ದಾರ ಕಟ್ಟಿದ ಬಿರಡೆ. ಕೊನೇ ಗಳಿಗೆಯಲ್ಲಿ ನೀರು ನೀರು ಅಂದನಂತೆ. ಬಾಟಲಿ ಖಾಲಿ ಇತ್ತಂತೆ.

ಆ ಮಾತು ಕೇಳಿದ ದಿನದಿಂದ ಅವಳು ದೀಪ ಹಚ್ಚುವ ಹೊತ್ತಿಗೆ ಬಾಟಲಿ ತುಂಬಿ, ಬಿರಡೆ ಸಡಿಲ ಮಾಡಿ, ಬಾಗಿಲ ಪಕ್ಕದ ಗೂಡಿನಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ಸ್ವಲ್ಪ ಕಮ್ಮಿಯಾಗಿರುತ್ತಿತ್ತು. "ನಮ್ಮನೇರು ಬಂದು ಕುಡ್ದು ಹೋಗ್ಯಾರೆ," ಅನ್ನುತ್ತಿದ್ದಳು. ಕೈಬಳೆಯನ್ನೂ ತೆಗೆಯಲಿಲ್ಲ, ಇಡೀ ಆಯುಷ್ಯ ಆ ಒಂದು ಗುಟುಕಿನ ಮೇಲೆ ಸಂಸಾರ ಮಾಡಿದಳು ಆ ಹೆಂಗಸು. ಇಲಿ ಕುಡಿಯುತ್ತೆ ಅಂತ ನಗುವವರು ನಗಲಿ.

ಬಕ್ಕೇಶ ಹೋಗಿ ಕೇಳಿದ. "ಅಜ್ಜಿ, ಬಾಟ್ಲಿ ಕೊಡು. ಫೋಟೋ ತೆಗೆಸಿ ಸಂಜೀಕೆ ತಂದು ಕೊಡ್ತೀನಿ."

ಅವಳಿಗೆ ಕಣ್ಣಿಗೆ ಪೊರೆ ಬಂದಿತ್ತು. ಬಾಟಲಿಯನ್ನು ಸೆರಗಿನಿಂದ ಒರೆಸಿದಳು. ಕೊಡಲೋ ಬೇಡವೋ ಅಂತ ಸುಮಾರು ಹೊತ್ತು ಹಿಡಿದುಕೊಂಡೇ ಕೂತಳಂತೆ.

"ಖಾಲಿ ಮಾತ್ರ ಇಡಬ್ಯಾಡಪ್ಪ, ಬಕ್ಕೇಶಪ್ಪ."

"ಇಲ್ಲ ಅಜ್ಜಿ."

"ದೀಪ ಹಚ್ಚಾದ್ರೊಳಗ ತರ್ತೀಯಲ್ಲ?"

ಇವನು ಕೊರಳಿನ ಲಿಂಗದ ಕರಡಿಗೆ ಮುಟ್ಟಿ ಆಣೆ ಮಾಡಿದ. ಲಿಂಗ ಮುಟ್ಟಿ ಆಡಿದ ಮಾತಿಗೆ ನಮ್ಮ ಮನೆತನದಲ್ಲಿ ಎರಡಿಲ್ಲ. ಅದು ಅವಳಿಗೂ ಗೊತ್ತು. ಕೊಟ್ಟುಬಿಟ್ಟಳು.

ಹರಿಹರದಲ್ಲಿ ಬಸ್ಸಿಳಿದು ಬರುವಾಗ ಆ ಬಾವಿಯ ಕಟ್ಟೆ ಹತ್ತಿರ ನಿಂತ. ಬಿರಡೆ ಕಿತ್ತ. ಟಪ್. ನೀರನ್ನೆಲ್ಲ ಕಟ್ಟೆಯ ಬುಡಕ್ಕೆ ಸುರಿದ. ಒಳಗೆ ತೇವ ಇದ್ದರೆ ತುಕ್ಕು ಹಿಡಿದು ಬೆಲೆ ಬೀಳುತ್ತೆ, ಹರಾಜಿನವರು ಹಾಗೆ ಬರೆದಿದ್ದರಂತೆ! ಮನೆಯ ಮಾಳಿಗೆ ಮೇಲೆ ಬಾಟಲಿ ಬೋರಲು ಹಾಕಿ ಬಿಸಿಲಿಗೆ ಒಣಗಿಸಿದ.

ಸಂಜೆ ಹೋಯಿತು, ಎಷ್ಟೋ ಸಂಜೆ ಹೋದವು. ಮುದುಕಿ ಬಸ್ಸು ಹತ್ತಿ ಹುಡುಕಿಕೊಂಡು ಬಂದಳು. ಇವನು ಗುಜರಿಯಲ್ಲಿ ಸಿಕ್ಕ ಬೇರೊಂದು ಬಾಟಲಿಗೆ ಹಳೇ ಕಂಬಳಿ ಸುತ್ತಿ ಹೊಲಿಸಿ ಇಟ್ಟಿದ್ದ. ನಕಲಿ ಸಾಮಾನು ಹೇಗೆ ಮಾಡುತ್ತಾರೆ ಅನ್ನುವುದನ್ನು ಅಷ್ಟು ಚೆನ್ನಾಗಿ ಓದಿಕೊಂಡಿದ್ದನಲ್ಲ... ಅದನ್ನೇ ಅವಳ ಕೈಗಿಟ್ಟ. ಕಣ್ಣು ಕಾಣದವಳು ಎದೆಗೆ ಒತ್ತಿಕೊಂಡು, "ನಿನ್ನ ಹೊಟ್ಟಿ ತಣ್ಣಗಿರ್ಲೆಪ್ಪ," ಅಂತ ಹರಸಿ ಹೋದಳು. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಅಸಲಿ ಬಾಟಲಿ ಹರಾಜಾಯಿತು. ದಾವಣಗೆರೆಯಲ್ಲಿ ಪಾರ್ಸೆಲ್ ಕಳಿಸಿ, ಕೊನೇ ಬಸ್ಸಿಗೆ ಬಂದ ರಾತ್ರಿಯೇ ಬಾವಿ ಹತ್ತಿರ ಆ ದನಿ ಕೇಳಿದ್ದು.

ಅಲ್ಲಿಗೆ ನಿಲ್ಲಲಿಲ್ಲ. ನಯನಾ ರಾತ್ರಿ ಪಡಸಾಲೆಯಲ್ಲಿ ಹಿತ್ತಾಳೆ ಬಿಂದಿಗೆ ತುಂಬಿ, ತಟ್ಟೆ ಮುಚ್ಚಿ, ಮೇಲೆ ಲೋಟ ಬೋರಲು ಹಾಕಿ ಇಡುವವಳು. ಬೆಳಿಗ್ಗೆ ನೋಡಿದರೆ ಬಿಂದಿಗೆ ಒಣ ಒಣ. ತೂತಾಗಿದೆ ಅಂತ ಕಲಾಯಿಯವನಿಗೆ ತೋರಿಸಿದರು. ತೂತಿಲ್ಲ. ಒಂದು ರಾತ್ರಿ ಅವಳೇ ಎಚ್ಚರವಾಗಿ ಮಲಗಿದಳು. ನಡುರಾತ್ರಿ ತಟ್ಟೆ ಸರಿದ ಸದ್ದು. ಸರ್ರ್... ಆಮೇಲೆ ಗುಳು ಗುಳು ಗುಳು... ಉಸಿರಿಗೆ ನಿಲ್ಲುತ್ತೆ... ಮತ್ತೆ ಗುಳು ಗುಳು...

ಮಲಗಿದ್ದಲ್ಲಿಂದಲೇ ಗಂಡನನ್ನು ಚಿವುಟಿದಳು. "ಕೇಳ್ತೇನ್ರಿ?"

"ಸುಮ್ನೆ ಮಲಕ್ಕ."

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಪರದೇಶದಿಂದ ಬಾಟಲಿ ಕೊಂಡವನು ಬರೆದ: "ಅಸಲಿ ಸಾಮಾನು. ಒಳಗೆ ಒಂದು ಚೂರೂ ತುಕ್ಕಿಲ್ಲ. ಇವರನ್ನು ಕಣ್ಣುಮುಚ್ಚಿ ನಂಬಬಹುದು." ತಿಪ್ಪೇಶ್ ಅದನ್ನು ಕಾಗದದ ಮೇಲೆ ತೆಗೆದುಕೊಟ್ಟ. ಬಕ್ಕೇಶ ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಆಗಲೇ ದುರುಗವ್ವ ಮತ್ತೆ ಬಂದಳು. ನಾನೂ ಅವತ್ತು ದಾವಣಗೆರೆಯ ಸರಸ್ವತಿ ನಗರದಿಂದ ಅಲ್ಲಿಗೆ ಹೋಗಿದ್ದೆ, ನನ್ನ ಕಿವಿಯಾರೆ ಕೇಳಿದ ಮಾತು. ಕಟ್ಟೆಯ ಮೇಲೆ ಕೂತು ಮೆಲ್ಲಗೆ ಕೇಳಿದಳು.

"ಬಕ್ಕೇಶಪ್ಪ, ನೀನು ಓದ್ದೋನು, ಹೇಳು. ಬೆಳಿಗ್ಗೆ ನೋಡಿದ್ರೆ ಬಾಟ್ಲಿ ನೀರು ಹಂಗೇ ಇರ್ತೈತಪ್ಪ. ಕುಡಿಯಾಕೆ ಬರ್ವಲ್ರು. ಬ್ಯಾರೇರ ಕೈಗೆ ಕೊಟ್ನೆಲ್ಲ... ನಮ್ಮನೇರು ನನ್ ಮ್ಯಾಲೆ ಸಿಟ್ಟಾದ್ರೇನಪ್ಪ?"

ಬಕ್ಕೇಶ ನೆಲ ನೋಡುತ್ತಾ ಕೂತ. "ಇಲ್ಲ ಅಜ್ಜಿ, ಬರ್ತಾರೆ," ಅಂದ. ಅಷ್ಟೇ.

ಅವಳು ಹೋದ ಮೇಲೆ ನಾನು ಅವನ ಮುಖ ನೋಡಿದೆ. ಏನೋ ನಡೆದಿದೆ ಅಂತ ಗೊತ್ತಾಗಿ ಗದರಿಸಿ ಬಾಯಿ ಬಿಡಿಸಿದೆ. ಆಗ ಎಲ್ಲವೂ ಹೊರಗೆ ಬಂತು, ಈಗ ನಿಮಗೆ ಹೇಳಿದ್ದೆಲ್ಲ.

"ಈಗ್ಲೇ ಹೋಗು," ಅಂದೆ. "ತಪ್ಪಾತು ಅನ್ನು. ಸಿಟ್ಟಾಗಿಲ್ಲ, ದಾರಿ ತಪ್ಪಿ ನಮ್ಮನಿಗೆ ಬರಾಕತ್ಯಾರೆ ಅಂತ ಹೇಳು. ಅಷ್ಟು ಕೇಳಿದ್ರೆ ಆ ಮುದುಕಿ ಬದುಕ್ತಾಳೆ."

"ಹೋಗ್ತೀನಕ್ಕ. ಭಾನುವಾರ ಹೋಗ್ತೀನಿ."

"ಯಾಕ, ಈಗೇನೈತೆ?"

ಅವನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟ. ಆಮೇಲೆ ತಿಪ್ಪೇಶನಿಂದ ಗೊತ್ತಾಯಿತು. ಶನಿವಾರ ರಾತ್ರಿ ಆ ದಿಕ್ಸೂಚಿಯ ಹರಾಜು ಮುಗಿಯುವುದಿತ್ತು.

ಶನಿವಾರ ರಾತ್ರಿ ದಿಕ್ಸೂಚಿ ಅವನದಾಯಿತು. ಭಾನುವಾರ ಬೆಳಿಗ್ಗೆ ಭಾನುವಳ್ಳಿಯಿಂದ ಆಳು ಬಂದ. ದುರುಗವ್ವ ರಾತ್ರಿ ಮಲಗಿದವಳು ಏಳಲಿಲ್ಲ.

ನಾನೂ ಹೋದೆ. ಪಕ್ಕದ ಮನೆಯ ಹಂಪವ್ವ ಹೇಳಿದಳು, "'ನಮ್ಮನೇರ ಸಿಟ್ಟು ಇನ್ನಾ ಹೋಗಿಲ್ಲ ನೋಡು' ಅಂದ್ಲು ದುರುಗವ್ವ. ಅದೇ ಕೊನೇ ಮಾತು." ಗೂಡಿನಲ್ಲಿ ಆ ನಕಲಿ ಬಾಟಲಿ ಇತ್ತು. ಬಿರಡೆ ಸಡಿಲ ಮಾಡಿಟ್ಟಿದ್ದಳು. ನಾನು ಬಗ್ಗಿ ನೋಡಿದೆ. ಕುತ್ತಿಗೆಯವರೆಗೂ ನೀರು.

ಅವಳ ಮೂರನೇ ದಿನದ ಎಡೆ ಮುಗಿದ ರಾತ್ರಿ ನಾನು ಹರಿಹರದಲ್ಲೇ ಉಳಿದೆ. ನನಗೊಂದು ಆಸೆ ಇತ್ತು. ಬದುಕಿದ್ದಾಗ ತಿಳಿಯದ್ದು ಸತ್ತ ಮೇಲಾದರೂ ಅವಳಿಗೆ ತಿಳಿಯಲಿ, ದಾರಿ ಸಿಗಲಿ ಅಂತ. ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ನಾನೇ ತಿಕ್ಕಿದೆ. ತುಂಬಿಸಿದೆ. ಪಕ್ಕದಲ್ಲಿ ಎರಡು ಲೋಟ ತೊಳೆದು ಬೋರಲು ಹಾಕಿದೆ, ಗೋಣೆಪ್ಪನಿಗೊಂದು, ಅವಳಿಗೊಂದು. ಅಲ್ಲೇ ಚಾಪೆ ಹಾಸಿ ಮಲಗಿದೆ.

ನಡುರಾತ್ರಿ ತಟ್ಟೆ ಸರಿಯಿತು. ಸರ್ರ್... ಕಣ್ಣು ತೆರೆಯುವ ಧೈರ್ಯ ಆಗಲಿಲ್ಲ. ಕಿವಿ ಮಾತ್ರ ಕೊಟ್ಟೆ. ಗುಳು ಗುಳು ಗುಳು... ನಿಂತಿತು... ಮತ್ತೆ ಗುಳು ಗುಳು... ಬಳೆಯ ಸದ್ದೇನಾದರೂ ಬರುತ್ತಾ ಅಂತ ಕಾದೆ. ಎಷ್ಟು ಕಾದೆ...

ಬೆಳಕು ಹರಿದ ಮೇಲೆ ಎದ್ದು ನೋಡಿದೆ. ಬಕ್ಕೇಶ ದಿಕ್ಸೂಚಿಯನ್ನು ಬೀರುವಿನಲ್ಲಿಟ್ಟು ಈಗಲೂ ಬೀಗ ಹಾಕುತ್ತಾನೆ, ಅವನನ್ನು ಕೇಳಬೇಡಿ, ಅವನು ಹೇಳುವುದಿಲ್ಲ. ನೋಡಿದವಳು ನಾನು. ಬಿಂದಿಗೆ ಒಣಗಿತ್ತು. ಒಂದು ಲೋಟ ನೆಟ್ಟಗೆ ನಿಂತಿತ್ತು, ಅದರ ತಳದಲ್ಲಿ ಚಿಟಿಕೆ ಮರಳು. ನಮ್ಮ ಹೊಳೆಯ ಮರಳಲ್ಲ ಅದು, ಬೆರಳಲ್ಲಿ ತಿಕ್ಕಿದರೆ ಹಿಟ್ಟಿನಷ್ಟು ನುಣುಪು.

ಇನ್ನೊಂದು ಲೋಟ ನಾನು ಬೋರಲು ಹಾಕಿದ ಹಾಗೇ ಇತ್ತು.