ಮಾಯಬಾರದಿದ್ದ ಹುಣ್ಣು

ಸಭೆಯ ಅಧ್ಯಕ್ಷರಾದ ಪೂಜ್ಯ ಪಾದ್ರಿಗಳೇ, ಕುಮಾಸಿ ನಗರದ ಹಿರಿಯರೇ, ವೈದ್ಯ ಬಂಧುಗಳೇ, ನನ್ನ ವಿದ್ಯಾರ್ಥಿಗಳೇ, ಈ ಬಿಸಿಲಿನಲ್ಲೂ ಬಂದು ಕೂತಿರುವ ಸಮಸ್ತ ಸಭಿಕರೇ,

ನನಗೆ ಸನ್ಮಾನ ಮಾಡಿದ್ದೀರಿ. ನೀವು ಹೊದಿಸಿದ ಈ ಕೈಮಗ್ಗದ ಕೆಂಟೆ ವಸ್ತ್ರ ಭಾರವಾಗಿದೆ. ನಾವು ಪ್ರಯೋಗಾಲಯದಲ್ಲಿ ಮಾಡುವ ಬಟ್ಟೆಗೆ ತೂಕವೇ ಇಲ್ಲ. ಸೂಜಿಯ ತುದಿಯಲ್ಲಿ ಒಂದು ಹನಿ ಅಂಟಿನ ದ್ರಾವಣ, ಅದಕ್ಕೆ ಸಾವಿರಾರು ವೋಲ್ಟ್ ವಿದ್ಯುತ್. ಹನಿ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಯಾಗಿ ಹಾರುತ್ತದೆ, ಎಳೆಯ ಮೇಲೆ ಎಳೆ ಬಿದ್ದು ಪೊರೆಯಾಗುತ್ತದೆ. ಮರುಭೂಮಿಯಿಂದ ಬರುವ ಒಣ ಹರ್ಮಟಾನ್ ಗಾಳಿ ಬೀಸಿದರೆ ಹನಿ ಸೂಜಿಯಲ್ಲೇ ಒಣಗುತ್ತದೆ, ಮಳೆ ಬಂದರೆ ಎಳೆ ಗಂಟುಗಂಟಾಗುತ್ತದೆ. ಎರಡೂ ಇಲ್ಲದ ದಿನ ಕರೆಂಟೇ ಇರುವುದಿಲ್ಲ! ನಗಿ, ನಗಿ.

ಈ ಪೊರೆಯ ಗುಣವೇನು? ಗಾಯಕ್ಕೆ ಹಾಕಿದ ಮೇಲೆ ಕೀಳಬೇಕಾಗಿಲ್ಲ. ಹೊಸ ಚರ್ಮ ಅದರ ಎಳೆ ಹಿಡಿದು ಬೆಳೆಯುತ್ತದೆ, ಪೊರೆ ತಾನಾಗಿ ಕರಗುತ್ತದೆ. ಕೀಳಬೇಕಾಗಿಲ್ಲ ಎಂಬುದು ಎಷ್ಟು ದೊಡ್ಡ ಮಾತು! ಸುಟ್ಟ ಮಗುವಿನ ಪಟ್ಟಿ ಬಿಚ್ಚುವಾಗ ಬಾಗಿಲ ಹೊರಗೆ ನಿಂತವರಿಗೆ ಅದು ಗೊತ್ತು. ನಾನು ನಿಂತಿದ್ದೆ.

ಇದನ್ನು ಹೇಳಬಾರದು ಎಂದುಕೊಂಡೇ ಬಂದೆ. ನನ್ನ ಮಗ ಬಾಫೂರ್, ಆರು ವರ್ಷದವನು, ಕುದಿಯುವ ತಾಳೆಹಣ್ಣಿನ ಸಾರನ್ನು ಎದೆಯ ಮೇಲೆ ಸುರಿದುಕೊಂಡ. ಆಗ ನಮ್ಮ ಪೊರೆ ಇಲಿಗಳ ಗಾಯ ಮಾಯಿಸಿತ್ತು, ಮನುಷ್ಯರನ್ನು ಮುಟ್ಟಿರಲಿಲ್ಲ. ಮನೆಯವರು ಒಪ್ಪಿದರೆ ಹಾಕೋಣ ಎಂದರು ವೈದ್ಯರು. ಮನೆಯವರು ಯಾರು? ತಂದೆಯೇ? ನಮ್ಮ ಅಕಾನ್ ಜನರಲ್ಲಿ ಮಗು ತಾಯಿಯ ಮನೆತನದ್ದು, ಕೊನೆಯ ಮಾತು ಸೋದರಮಾವನದು. ನನ್ನ ಹೆಂಡತಿಯ ಒಬ್ಬನೇ ತಮ್ಮ ಅಮಂಕ್ವಾ ಸುವಾಮೆಯ ಗ್ಯಾರೇಜುಗಳಲ್ಲಿ ಲಾರಿ ಎಂಜಿನ್ ರಿಪೇರಿ ಮಾಡುವವನು. ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದ.

"ಏನ್ ಭಾವ, ಇಲಿಗೆ ಹಾಕಿದ್ದನ್ನ ನಮ್ಮ ಹುಡುಗನಿಗೆ ಹಾಕ್ತೀರಾ? ಅಷ್ಟು ನಂಬಿಕೆ ಇದ್ರೆ ನಿಮ್ಮ ಮನೆತನದ ಹುಡುಗ, ನಿಮ್ಮ ತಂಗಿ ಮಗನ ಮೇಲೆ ನೋಡ್ಕೊಳ್ಳಿ ಮೊದಲು!"

ನನ್ನ ಹೆಂಡತಿ ಸೆಫಾ ಅವನ ಕೈ ಹಿಡಿದುಕೊಂಡಳು. "ಅವರು ಅವನ ಅಪ್ಪ ಕಣೋ."

"ಅಪ್ಪ ಸರಿ ಕಣಕ್ಕ. ನಾಳೆ ಹೆಚ್ಚುಕಮ್ಮಿ ಆದ್ರೆ ಮನೆತನಕ್ಕೆ ಉತ್ತರ ಹೇಳೋನು ನಾನು."

ಅವನನ್ನು ದೂರಲೇ? ಆ ಮಗುವನ್ನು ಅವನೂ ನನ್ನಷ್ಟೇ ಹಚ್ಚಿಕೊಂಡಿದ್ದ. ಅವನು ಒಪ್ಪಲಿಲ್ಲ. ಮಾಮೂಲಿ ಪಟ್ಟಿಯನ್ನೇ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಕೀವಾಯಿತು, ನಂಜು ರಕ್ತಕ್ಕೆ ಇಳಿಯಿತು. ಬಾಫೂರ್ ಹೋಗಿಬಿಟ್ಟ. ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಆಮೇಲೆ ಮನುಷ್ಯರ ಮೇಲೆ ಪ್ರಯೋಗಕ್ಕೆ ಅನುಮತಿ ಬಂತು, ಮನುಷ್ಯರು ಬರಲಿಲ್ಲ. ಮೊದಲಿಗರಾಗಲು ಯಾರಿಗೆ ಧೈರ್ಯ? ಒಂದು ಬೆಳಿಗ್ಗೆ ಅಮಂಕ್ವಾ ಕುಂಟುತ್ತ ಬಂದ. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಹುಣ್ಣು.

"ನನಗೆ ಹಾಕಿ ಭಾವ. ಕೊಳೆತ್ರೆ ಕೊಳೀಲಿ" ಎಂದ.

ಹುಣ್ಣು ಮಾಯಿತು. ಇವತ್ತು ನೀವು ಚಪ್ಪಾಳೆ ತಟ್ಟಿದ್ದು ಅದಕ್ಕೇ. ಅಂದು ನನ್ನ ವಿದ್ಯಾರ್ಥಿಗಳು ಕುಣಿದಾಡಿದರು. ಅಮಂಕ್ವಾ ಮಾತ್ರ ಆ ಎಳೆ ಚರ್ಮವನ್ನು ಮುಟ್ಟಿ ಮುಟ್ಟಿ ನೋಡಿ ಗೊಳೋ ಎಂದು ಅತ್ತುಬಿಟ್ಟ.

"ಇದು ವಾಸಿ ಆಗಬಾರದಿತ್ತು ಭಾವ. ಕೊಳೆತಿದ್ರೆ, ಅವತ್ತು ನಾನ್ ಹೇಳಿದ್ದೇ ಸರಿ ಅಂತ ಹೇಗೋ ಬದುಕ್ಕೊಂಡಿರ್ತಿದ್ದೆ. ಹೇಳಿ, ಹುಡುಗ ಉಳೀತಿದ್ನಾ?"

ಸುಟ್ಟ ಗಾಯ ಬೇರೆ, ಸಕ್ಕರೆ ಹುಣ್ಣು ಬೇರೆ. ಗೊತ್ತಿಲ್ಲ ಎನ್ನುವುದೇ ವಿಜ್ಞಾನದ ಉತ್ತರ. ಆದರೆ ನಾನು, "ಉಳೀತಿರ್ಲಿಲ್ಲ ಕಣೋ, ಸುಮ್ನಿರು" ಎಂದೆ.

ಅಮಂಕ್ವಾ ಹೋದ ವರ್ಷ ತೀರಿಕೊಂಡ. ನನ್ನ ಆ ಮಾತನ್ನು ನಂಬಿಕೊಂಡೇ ಹೋದ ಎಂದುಕೊಂಡಿದ್ದೇನೆ. ಇನ್ನು ಇದು ಅವನ ಕಿವಿಗೆ ಬೀಳುವುದಿಲ್ಲ, ಅದಕ್ಕೇ ಇವತ್ತು ಬಾಯಿ ಬಿಟ್ಟೆ. ಸೆಫಾ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಇಷ್ಟು ವರ್ಷದಲ್ಲಿ ಹುಡುಗ ಉಳಿಯುತ್ತಿದ್ದನೇ ಎಂದು ಅವಳು ಒಂದು ಸಲವೂ ಕೇಳಿಲ್ಲ. ಕೇಳಬೇಡ ಕಣೇ. ನಿನಗೆ ನಾನು ಸುಳ್ಳು ಹೇಳಲಾರೆ.

ತಾಳ್ಮೆಯಿಂದ ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.