ಹಸಿದ ಇದ್ದಿಲು

ಆನಂದಪುರ ದಾಟುವಾಗ ಕೆರಿಯಪ್ಪ ಬಿಟ್ಟ ನಿಟ್ಟುಸಿರಿಗೆ ಸಾಗರದ ಬಸ್ಸೇ ವಾಲಿತು. ಪಕ್ಕದಲ್ಲಿ ದುಗ್ಗಮ್ಮ ಕೂತಿದ್ದರು. ಆಕೆ ಒಣಕೋಲು ನೆಟ್ಟರೂ ಚಿಗುರುತ್ತದೆಂದು ಮೂರು ತಾಲ್ಲೂಕು ಹೇಳುತ್ತದೆ. ಹಿಂದಿನ ಸೀಟಿನವರ ಕಿವಿಗಳು ಮೊಳದುದ್ದ ಬೆಳೆದವು.

“ದುಗ್ಗಕ್ಕ, ನಿನ್ನ ನೋಡ್ಕೊಂಡು ನಾನೂ ಅಡಿಕೆ ಸಿಪ್ಪೆ ಸುಟ್ಟು ಇದ್ದಿಲು ಮಾಡಿ ಶುಂಠಿಗೆ ಹಾಕ್ದೆ. ಗಿಡ ಎಲ್ಲ ಹಳದಿ!”

“ಪೂರ್ತಿ ಬೂದಿ ಆಗಕ್ಕೆ ಬಿಟ್ಯಾ?”

“ಇಲ್ಲ ಮಾರಾಯ್ತಿ, ಕೆಂಡ ಇದ್ದಂಗೇ ನೀರು ಹೊಯ್ದೆ.”

“ಆಮೇಲೆ ಸಗಣಿ ನೀರಲ್ಲಿ ಎಷ್ಟು ದಿನ ನೆನೆಸ್ದೆ?”

“ನೆನೆಸೋದಾ? ಅಂಗಳದಲ್ಲಿ ಹರವಿ ನಾಲ್ಕು ದಿನ ಗರಿಗರಿ ಒಣಗಿಸ್ದೆ!”

“ಥೋ! ಅಡಿಕೆ ಬೆಳೆಯೋರಿಗೆ ಕಂಡಿದ್ದೆಲ್ಲ ಒಣಗ್ಸೋ ಚಟ. ಬರೀ ಇದ್ದಿಲು ಹಸಿದಿರ್ತದೆ ಕಣೋ. ಗಿಡದ ಊಟನೆಲ್ಲ ಅದೇ ಎಳ್ಕೊಂಡಿದೆ.”

“ಹಂಗಾರೆ ಬೆಳೆ ಹೋಯ್ತಾ? ಎಲ್ಲ ಕಿತ್ತು ಹಾಕ್ಸಕ್ಕೆ ಆಳು ಹುಡುಕಕ್ಕೇ ಹೊರಟಿದೀನಿ.”

“ಕೀಳ್ಬೇಡ್ವೋ! ಸಗಣಿ, ಗಂಜಲ ತೆಳ್ಳಗೆ ಕದಡಿ ಬುಡಕ್ಕೆ ಹೊಯ್ಯಿ. ಇದ್ದಿಲಿನ ಹೊಟ್ಟೆ ತುಂಬಿದ್ರೆ ಮುಂದೆ ವರ್ಷಗಟ್ಲೆ ಅದೇ ಗಿಡಕ್ಕೆ ಉಣ್ಸ್ತದೆ.”

ಕೆರಿಯಪ್ಪನಿಗೆ ಹೋದ ಜೀವ ಬಂತು, ಜೊತೆಗೆ ಇನ್ನೆರಡು ಜೀವವೂ ಬಂತು.

“ಡ್ರೈವರಣ್ಣಾ, ನಿಲ್ಸು!”

ಬಸ್ಸು ನಿಲ್ಲುವ ಮೊದಲೇ ಹಾರಿ, ಬಂದ ದಾರಿಯಲ್ಲೇ ಓಟ ಕಿತ್ತ.

“ಬಿಸಿಲಲ್ಲಿ ಹೊಯ್ಬೇಡ್ವೋ, ಸಂಜೆಗೆ ಹೊಯ್ಯಿ!” ಎಂದು ದುಗ್ಗಮ್ಮ ಕಿಟಕಿಯಿಂದ ಕೂಗಿದರು. ಅಷ್ಟರಲ್ಲಿ ಅವನು ತಿರುವು ದಾಟಿಯಾಗಿತ್ತು.