ಅಜ್ಜಿ ಕೇಳಿದ ಫೋನು

ಆ ಟಾರ್ಚು ಆರಿಸಿ ಹತ್ತಿರ ಬನ್ನಿ. ಗಟ್ಟಿಯಾಗಿ ಹೇಳುವ ಮಾತಲ್ಲ ಇದು…

ನನ್ನ ಚಿಕ್ಕಮ್ಮನ ಮಗಳು ಲೆಪೆಕಾ ಗೊತ್ತಲ್ಲ? ಅವಳಿಗೇ ಆಗಿದ್ದು. ಅವತ್ತು ಗುಡ್ಡದಿಂದ ಒಬ್ಬಳೇ ಇಳಿದು ಬರುತ್ತಿದ್ದಳು. ಹೊತ್ತು ಮುಳುಗಿತ್ತು. ಹೆಂಗಸರು ಮೀಯುವ ಹಳೇ ಕೊಳದ ಪಕ್ಕ ಆಲದ ಮರ ಇದೆಯಲ್ಲ, ಅಲ್ಲಿಗೆ ಬಂದಿದ್ದಳು ಅಷ್ಟೇ. ಕೈಯಲ್ಲಿ ಫೋನು.

ಅದೆಂಥ ಫೋನು ಅಂತೀರಿ! ಹಿಂದೆ ಮೂರು ಕ್ಯಾಮೆರಾ. ಕನ್ನಡಿಯಂಥ ಮೈ. ಬೀಗಕ್ಕೆ ಬೆರಳು ಬೇಡ, ಅವಳ ಮುಖ ಕಂಡರೆ ಸಾಕು, ‘ಟಿಕ್’ ಅಂತ ತೆರೆದುಕೊಳ್ಳುತ್ತೆ. ಬೇರೆ ಯಾರ ಮುಖಕ್ಕೂ ತೆರೆಯೋದಿಲ್ಲ. ನ್ಯೂಜಿಲೆಂಡಿನ ಸೇಬಿನ ತೋಟದಲ್ಲಿ ಎರಡು ಹಂಗಾಮು ಏಣಿ ಹತ್ತಿ ಇಳಿದು, ಚಳಿಗೆ ಬೆರಳು ಒಡೆಸಿಕೊಂಡು, ಕೊನೆಗೆ ತಂದಿದ್ದು ಅದು. ದೋಣಿ ಕೊಳ್ಳಬಹುದಿತ್ತು ಅಂದರು ಜನ. ಹುಚ್ಚಿ ಅಂದರು. ಅಷ್ಟು ದೊಡ್ಡ ಫೋನಿಗೆ ನಮ್ಮ ಈ ದ್ವೀಪದ ಊರಲ್ಲಿ ಸಿಗ್ನಲ್ ಸಿಗೋದು ಗುಡ್ಡದ ತುದಿಯಲ್ಲಿ ಮಾತ್ರ. ದಿನಾ ಸಂಜೆ ಮೇಲೆ ಹತ್ತಿ, ತೋಟದ ಗೆಳತಿಯರ ಮುಖ ನೋಡಿ, ನಕ್ಕು, ಇಳಿದು ಬರೋಳು.

ಆದರೆ ಫೋನು ಉಳಿಸಿಕೊಳ್ಳೋದೇ ದೊಡ್ಡ ಪಾಡು. ನಮ್ಮಲ್ಲಿ ಮನೆಯವರು ಬಾಯಿಬಿಟ್ಟು ಕೇಳಿದರೆ ಕೊಡಲೇಬೇಕು. ಇಲ್ಲ ಅನ್ನೋ ಹಾಗಿಲ್ಲ. ಅವಳ ಮೊದಲನೇ ಫೋನು ಅಣ್ಣ ಕೇಳಿದ, ಹೋಯ್ತು. ಇನ್ನೊಂದು ಮಾವನ ಮಗನ ಪಾಲಾಯ್ತು. ಇದು ಬಂದಾಗ ಫಲನಿಕೊ ಮಾವನೇ ಕೇಳಿದ. ನಮ್ಮ ಮನೆತನದ ಯಜಮಾನ ಅವನು. ಊಟಕ್ಕೆ ಕೂತಿದ್ವಿ.

“ಲೆಪೆ, ಆ ಫೋನ್ ಇತ್ತ ಕೊಡಮ್ಮ. ಊರ ಸಭೆಗೆ ಹೋಗ್ಬೇಕು, ನನ್ ಕೈಲಿದ್ರೆ ಒಂದ್ ಗತ್ತು.”

“ಕೊಡಲ್ಲ ಮಾವ.”

ನಾನು ಅಲ್ಲೇ ಇದ್ದೆ. ಮಾವನ ಬಾಯಲ್ಲಿದ್ದ ಕೆಸುವಿನ ಗೆಡ್ಡೆ ಬಾಯಲ್ಲೇ ನಿಂತಿತು. ಚಿಕ್ಕಮ್ಮ ಮುಖ ಮುಚ್ಚಿಕೊಂಡಳು. ನನಗೆ ಮಾತ್ರ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ.

ಮಾವ ಎದ್ದು ಕೈ ತೊಳೆದ. “ಸರಿ ಕಣೇ. ಇನ್ನೊಂದೇ ಒಂದು ತಪ್ಪು ಮಾಡು. ಊರ ಹಿರೀಕರ ಮುಂದೆ ನಿಲ್ಸಿ ದಂಡ ಅಂತ ಕಿತ್ಕೋತೀನಿ ಅದನ್ನ. ಆಮೇಲೆ ಅಳ್ಬೇಡ.”

ಹೀಗಿತ್ತು ಪರಿಸ್ಥಿತಿ. ಈಗ ಕೊಳದ ಹತ್ತಿರ ಬನ್ನಿ…

ಗುಡ್ಡದ ಮೇಲೆ ಮಾತಲ್ಲಿ ಮೈಮರೆತು ತಡವಾಗಿತ್ತು. ಎಲ್ಲರೂ ಮನೆ ಸೇರಿ ಅನ್ನೋ ಮೊದಲ ಶಂಖ ಅವಳಿಗೆ ಕೇಳಿಸಿರಲೇ ಇಲ್ಲ. ಕಿವಿಯಲ್ಲಿ ಗೆಳತಿಯರ ದನಿ ತುಂಬಿತ್ತು. ಕೊಳ ದಾಟಬೇಕು ಅನ್ನುವಾಗ ಎರಡನೇದು ಊದಿದರು.

ಪೂಂ…

ಸಾ ಶುರುವಾಯ್ತು. ಸಂಜೆಯ ಪ್ರಾರ್ಥನೆ ಹೊತ್ತು. ಆಗ ಯಾರೂ ದಾರಿಯಲ್ಲಿ ನಡೆಯಬಾರದು. ಎಲ್ಲಿದ್ದೀಯೋ ಅಲ್ಲೇ ಕೂರಬೇಕು, ಮೂರನೇ ಶಂಖ ಊದುವ ತನಕ. ರಸ್ತೆ ತಿರುವಿನಲ್ಲಿ ಯೊಸೇಫೊ ದೊಣ್ಣೆ ಹಿಡಿದು ಕಾವಲು ನಿಂತಿರೋದು ಅವಳಿಗೆ ಕಾಣುತ್ತಿತ್ತು. ಒಂದು ಹೆಜ್ಜೆ ಇಟ್ಟರೂ ಸಾಕು, ಮಾವನಿಗೆ ಬೇಕಾಗಿದ್ದ ತಪ್ಪು ಸಿಕ್ಕ ಹಾಗೆ. ಫೋನು ಹೋದ ಹಾಗೆ.

ಕೊಳದ ಕಲ್ಲಿನ ಮೇಲೆ ಕೂತಳು. ಫೋನು ಪಕ್ಕದಲ್ಲಿಟ್ಟು ಕೈ ಮುಗಿದಳು.

ಊರಿನ ಮನೆಗಳಿಂದ ಹಾಡು ಕೇಳುತ್ತಿತ್ತು. ಆಲದ ಬಿಳಲಿನಿಂದ ನೀರಿಗೆ ಹನಿ. ತೊಟ್… ತೊಟ್… ಆಮೇಲೆ ಇನ್ನೊಂದು ಸದ್ದು. ತೀರಾ ಹತ್ತಿರ, ಎಡಗಡೆ.

ಸರ್‌ರ್… ಸರ್‌ರ್…

ಒದ್ದೆ ಕೂದಲಿಗೆ ಬಾಚಣಿಗೆ ಹಾಕುವ ಸದ್ದು.

ಅವಳು ತಿರುಗಲಿಲ್ಲ. ದಾರಿ ಕಡೆಗೇ ಮುಖ ಮಾಡಿ ಕೂತಿದ್ದಳು. ಆಗ ಪಕ್ಕದಲ್ಲಿ… ‘ಟಿಕ್’.

ಫೋನು ತೆರೆದುಕೊಂಡಿತ್ತು. ಅವಳ ಮುಖವೇ ನೋಡದೆ.

“ಲೆಪೆ… ಕೊಡೇ.”

ಪಿಸುದನಿ. ಅದು ಅಕೆನೆಸೆ ಅಜ್ಜಿಯ ದನಿ. ನಮ್ಮ ಅಮ್ಮಂದಿರ ತಾಯಿ. ಸತ್ತು ಒಂದು ವರ್ಷ ದಾಟಿತ್ತು, ಚಿಕ್ಕಮ್ಮನ ಮನೆಯ ಮುಂದೇ ಗೋರಿ. ಬದುಕಿದ್ದಾಗ ಅವಳಷ್ಟು ಕೇಳೋಳು ಊರಲ್ಲೇ ಇರಲಿಲ್ಲ. ಹೊಸ ಚಾಪೆ ಕಂಡರೆ ಕೇಳೋಳು, ಹಂದಿಮರಿ ಕಂಡರೆ ಕೇಳೋಳು. ಲೆಪೆಕಾಳ ಮುಡಿಯಿಂದಲೇ ಆಮೆಚಿಪ್ಪಿನ ಬಾಚಣಿಗೆ ಕೇಳಿ ತೆಗೆದುಕೊಂಡಿದ್ದಳು. ಮಣ್ಣು ಮಾಡುವಾಗ ಅದನ್ನೂ ಜೊತೆಗೇ ಇಟ್ಟೆವು.

ಸಂಜೆ ಹೊತ್ತು ಅಂಥ ದನಿಗೆ ಓಗೊಡಬಾರದು ಅಂತ ಮಗುವಿಗೂ ಗೊತ್ತು. ಆದರೆ ಇವಳ ನಾಲಿಗೆ ಸುಮ್ಮನಿರಬೇಕಲ್ಲ.

“ಏನ್ ಕೊಡ್ಲಿ?”

“ಆ ಬೆಳಕಿಂದು.”

“ನಿಂಗ್ಯಾಕಜ್ಜಿ ಅದು? ಅಲ್ಲಿ ಸಿಗ್ನಲ್ ಬರುತ್ತಾ?”

ಬಾಚಣಿಗೆ ನಿಂತಿತು. ಹನಿ ಕೂಡ ನಿಂತಿತಂತೆ… ಅವಳೇ ಹೇಳಿದ್ದು.

“ಮನೆಯೋರು ಕೇಳಿದ್ರೆ ಕೊಡ್ಬೇಕು ಕಣೇ.”

ಅವಳ ಮುಗಿದ ಕೈ ಮೇಲೆ ಇನ್ನೊಂದು ಕೈ ಬಂದು ಕೂತಿತು. ಒದ್ದೆ. ತಣ್ಣಗೆ. ಕೊಳದ ತಳದ ಕಲ್ಲು ಮುಟ್ಟಿದ ಹಾಗಿತ್ತಂತೆ. ಎದ್ದು ಓಡಿಬಿಡೋಣ ಅಂತ ಕಾಲು ಎತ್ತಿದಳು. ತಿರುವಿನಲ್ಲಿ ಯೊಸೇಫೊ ದೊಣ್ಣೆ ಕುಟ್ಟಿದ. ಟಕ್. ಎತ್ತಿದ ಕಾಲು ಕೆಳಗಿಟ್ಟಳು. ಈ ಕಡೆ ಸತ್ತ ಅಜ್ಜಿ, ಆ ಕಡೆ ಬದುಕಿರುವ ಮಾವ. ಇಬ್ಬರಿಗೂ ಬೇಕಾಗಿದ್ದು ಅದೇ ಫೋನು. ಆ ಹೆದರಿಕೆಯೊಳಗಿಂದಲೇ ಸಿಟ್ಟು ನೆತ್ತಿಗೇರಿತು.

“ಕೊಡಲ್ಲ,” ಅಂದಳು. ಪಿಸುದನಿಯಲ್ಲೇ… ಸಾ ಹೊತ್ತಲ್ವಾ. “ಕೇಳಿಸ್ತಾ ಅಜ್ಜಿ? ಕೊಡಲ್ಲ. ಬಾಚಣಿಗೆ ಕೊಟ್ಟೆ. ಚಾಪೆ ಕೊಟ್ಟೆ. ಎರಡು ಫೋನ್ ಕೊಟ್ಟೆ. ಯಾರಾದ್ರೂ ಒಂದಿನ, ನಿಂಗೇನ್ ಉಳೀತು ಲೆಪೆ ಅಂತ ಕೇಳಿದ್ರಾ? ಇದು ನನ್ ಕೈಲಿ ದುಡ್ದಿದ್ದು. ಸತ್ತೋರು ಕೇಳ್ಲಿ, ಇದ್ದೋರು ಕೇಳ್ಲಿ, ದೇವ್ರೇ ಬಂದು ಕೇಳ್ಲಿ. ಕೈ ತೆಗಿ.”

ಕೈ ತೆಗೆಯಲಿಲ್ಲ.

ಪರದೆ ಮೇಲೆ ಚಿತ್ರಗಳು ಸರಿಯತೊಡಗಿದವು. ತಾವಾಗೇ. ಗಾಜಿನ ಮೇಲೆ ಒದ್ದೆ ಬೆರಳು ಎಳೆದ ಸದ್ದು, ಕುಯ್… ಕುಯ್… ಒಂದು ಚಿತ್ರದ ಮೇಲೆ ನಿಂತಿತು. ತೋಟದ್ದು. ಬೆಳಗಿನ ಜಾವ, ಹುಲ್ಲೆಲ್ಲ ಹಿಮ ಹಿಡಿದು ಬೆಳ್ಳಗೆ, ರಬ್ಬರ್ ಬೂಟು ಹಾಕಿಕೊಂಡು ಏಣಿಗೆ ಒರಗಿ ನಿಂತ ಹೆಣ್ಣು. ಬೆರಳಿಗೆಲ್ಲ ಪಟ್ಟಿ ಸುತ್ತಿದೆ.

“ಇದ್ಯಾರೇ?”

“ನಾನೇ.”

“ಚಳಿಯಾ?”

“ಹೂಂ. ಜೀವ ಹೋಗೋಷ್ಟು.”

ಲೆಪೆಕಾಳ ಕಣ್ಣಲ್ಲಿ ನೀರು ಬಂತು. ಆ ಚಳಿಯ ಸುದ್ದಿ ಅಲ್ಲಿಯ ತನಕ ಯಾರೂ ಅವಳನ್ನ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ನೋಡಜ್ಜಿ,” ಅಂದಳು, “ಎಷ್ಟ್ ಬೇಕೋ ಅಷ್ಟು ನೋಡು. ಒಯ್ಯೋ ಹಾಗಿಲ್ಲ.”

ಕತ್ತಲಲ್ಲಿ ನಗು ಕೇಳಿತು. ಮುಂದಿನ ಹಲ್ಲಿಲ್ಲದ ಬಾಯಿಂದ ಗಾಳಿ ಸೋರುವ ಅಜ್ಜಿಯ ನಗು. ಹ್ಸ್… ಹ್ಸ್… ಅಷ್ಟರಲ್ಲಿ ಮೂರನೇ ಶಂಖ.

ಪೂಂ…

ಕೈ ಹಗುರಾಯ್ತು. ಪಕ್ಕದ ಕಲ್ಲು ಖಾಲಿ.

ಮನೆ ಮುಟ್ಟುವಾಗ ಮಾವ ಅಂಗಳದಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಯೊಸೇಫೊ ಅವಳ ಹಿಂದೆಯೇ ಬಂದಿದ್ದ. ಗಲಾಟೆ ಕೇಳಿ ನಾನೂ ಓಡಿ ಬಂದೆ.

“ಸಾ ಹೊತ್ತಲ್ಲಿ ಬೀದಿ ತಿರುಗ್ತೀಯಾ? ತಾ ಇಲ್ಲಿ ಫೋನು!”

“ತಿರುಗ್ಲಿಲ್ಲ ಮಾವ. ಕೂತಿದ್ದೆ.”

“ಯೊಸೇಫೊ, ನೀನ್ ಹೇಳೋ. ನಡೀತಿದ್ಲೋ ಇಲ್ವೋ?”

ಯೊಸೇಫೊ ತಲೆ ಕೆರೆದುಕೊಂಡ. “ಇಲ್ಲ ಯಜಮಾನ್ರೇ. ಇಬ್ರೂ ಕಲ್ಲಿನ ಮೇಲೇ ಕೂತಿದ್ರು. ಫೋನಿನ ಬೆಳಕಲ್ಲಿ ಕಾಣ್ತಿತ್ತು.”

“ಇಬ್ರಾ? ಇನ್ಯಾರು?”

“ಯಾರೋ ಮುದುಕಿ. ತಲೆ ಬಾಚ್ಕೋತಿದ್ರು.”

ಮಾವ ಗೋರಿ ಕಡೆ ನೋಡಿದ. ಆಮೇಲೆ ನೆಲ ನೋಡಿದ. ಆದರೂ ಯಜಮಾನ ಅಲ್ವಾ, ಜಂಬ ಬಿಡಲಿಲ್ಲ. ಅವಳ ಕೈಯಿಂದ ಫೋನು ಕಿತ್ತು ತನ್ನ ಮುಖಕ್ಕೆ ಹಿಡಿದ. ತೆರೆಯಲಿಲ್ಲ. ಇನ್ನೊಂದು ಸಲ ಹಿಡಿದ. ಊಹೂಂ. ಬೈಯುತ್ತಾ ಕೈ ಇಳಿಸಿದ, ಪರದೆ ಗೋರಿ ಕಡೆ ತಿರುಗಿತು.

‘ಟಿಕ್.’

ನಮಗೆಲ್ಲ ಕೇಳಿಸಿತು. ಮಾವ ಬಿಸಿ ಕಲ್ಲು ಮುಟ್ಟಿದವನ ಹಾಗೆ ಫೋನನ್ನ ಅವಳ ಕೈಗೆ ತುರುಕಿ ಹೊರಟುಹೋದ. ಅವತ್ತಿಂದ ಅವನು ಯಾರ ಹತ್ತಿರವೂ ಏನೂ ಕೇಳೋದಿಲ್ಲ, ಉಪ್ಪು ಬೇಕಾದರೂ ತಾನೇ ಎದ್ದು ತಗೋತಾನೆ.

ನಗ್ತೀರಾ? ನಗಿ. ಆದರೆ ಇದು ನಡೆದಿದ್ದೇ. ಈಗಲೂ ದಿನಾ ಸಾ ಹೊತ್ತಲ್ಲಿ ಲೆಪೆಕಾ ಫೋನನ್ನ ಚಾಪೆ ಮೇಲೆ, ಗೋರಿ ಕಡೆ ಮುಖ ಮಾಡಿ ನಿಲ್ಲಿಸ್ತಾಳೆ. ಎರಡನೇ ಶಂಖಕ್ಕೆ ತೆರೆಯುತ್ತೆ, ಮೂರನೇದಕ್ಕೆ ಮುಚ್ಚುತ್ತೆ. ಆಮೇಲೆ ಅವಳು ಗಾಜಿನ ಮೇಲಿನ ಒದ್ದೆ ಬೆರಳಚ್ಚು ಸೆರಗಿಂದ ಒರೆಸಿ, ಫೋನನ್ನ ತನ್ನ ದಿಂಬಿನ ಕೆಳಗೆ ಇಟ್ಕೋತಾಳೆ. ನಾನೇ ಕಣ್ಣಾರೆ ನೋಡಿದ್ದೀನಿ. ನಂಬಿಕೆ ಇಲ್ಲದಿದ್ದರೆ ನಾಳೆ ಹೋಗಿ, ನೀವೂ ನೋಡಿ.

ಕೊಡು ಅಂತ ಮಾತ್ರ ಕೇಳಬೇಡಿ.